ಹತ್ತಿ ಗಿರಣಿಯಲ್ಲಿ ನನ್ನ ಬೇಸ್‌ಬಾಲ್ ಪರ್ವ

ಬೇಸ್‌ಬಾಲ್ ಬಹಳ ಸುಲಭದ ಆಟ. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ, ಉಳಿದವರು ಓಡುತ್ತಾರೆ. ನನ್ನಂಥ ಬುದ್ಧಿವಂತನಿಗೆ ಇದನ್ನು ಕಲಿಯಲು ಎರಡು ದಿನ ಸಾಕು ಎಂದು ನನ್ನ ಹೆಂಡತಿ ನೀಲವ್ವನಿಗೆ ಹೇಳಿದ್ದೆ. ಹಾಗೆ ಹೇಳಿದ ದಿನ ನಾನು ಆ ಆಟವನ್ನು ಕಣ್ಣಿನಿಂದ ನೋಡಿರಲಿಲ್ಲ!

ಆಗ ಬ್ರಿಟಿಷರ ರಾಜ್ಯ. ಹುಬ್ಬಳ್ಳಿಯ ಒಂದು ಹತ್ತಿ ಗಿರಣಿಯಲ್ಲಿ ನಾನು ತೂಕದ ಗುಮಾಸ್ತ. ರೈತರು ಚಕ್ಕಡಿಯಲ್ಲಿ ತಂದ ಹತ್ತಿ ಅಂಡಿಗೆಗಳನ್ನು ದೊಡ್ಡ ಕಾಟಾದ ಮೇಲೆ ತೂಗಿಸಿ, ತೂಕ ಕೂಗಿ ಹೇಳುವುದು ನನ್ನ ಕೆಲಸ. ವಯಸ್ಸು ಮೂವತ್ತೆರಡು. ದಿನವೂ ಕೂತೇ ಇರುವ ಕೆಲಸವಾದ್ದರಿಂದ ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಇಷ್ಟು ಬಿಟ್ಟರೆ ನನ್ನಲ್ಲಿ ಆಟಗಾರನ ಎಲ್ಲ ಲಕ್ಷಣಗಳೂ ಇದ್ದವು.

ಆ ವರ್ಷ ನಮ್ಮ ಗಿರಣಿಗೆ ಅಮೇರಿಕಾದಿಂದ ಹೊಸ ಮಶೀನು ಬಂತು. ಅದನ್ನು ಜೋಡಿಸಿ ಕೊಡಲು ವಾಕರ್ ಎಂಬ ಸಾಹೇಬನೂ ಹಿಂದೆಯೇ ಬಂದ. ಆರಡಿ ಎತ್ತರದ ಆಳು, ಬಿಸಿಲಿಗೆ ಕೆಂಪಗೆ ಬೆಂದ ಮುಖ. ಇದೇ ಮಶೀನನ್ನು ಗದಗಿನ ಒಂದು ಗಿರಣಿಯಲ್ಲಿ ಜೋಡಿಸಿ, ಅಲ್ಲಿಯ ಕೆಲಸಗಾರರಿಗೆ ಬೇಸ್‌ಬಾಲ್ ಕಲಿಸಿ ಬಂದಿದ್ದ. ಆ ಗಿರಣಿಯ ಮಾಲಕರು ನಮ್ಮ ಸಾವ್ಕಾರರ ಬೀಗರು. ಅವರು ಒಂದು ಮದುವೆಯ ಪಂಕ್ತಿಯಲ್ಲಿ ಕೂತು, “ನಮ್ಮ ಗಿರಣ್ಯಾಗ ಅಮೇರಿಕಾದ ಆಟ ಆಡ್ತಾರ್ರಿ. ನಿಮ್ಮಲ್ಲಿ ಏನ್ ಆಡ್ತಾರ?” ಎಂದು ಕೇಳಿದ್ದರಂತೆ. ನಮ್ಮ ಸಾವ್ಕಾರರು ಎಲೆಯ ಮೇಲಿನ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಮರುದಿನವೇ ವಾಕರ್ ಸಾಹೇಬನಿಗೆ ಹುಕುಮ್ ಆಯಿತು: ನಮ್ಮಲ್ಲೂ ಒಂದು ಟೀಮು ಕಟ್ಟಬೇಕು, ಗದಗಿನವರನ್ನು ಸೋಲಿಸಬೇಕು!

ಆ ಟೀಮಿಗೆ ನಾನು ಸೇರಿದ ಬಗೆಯನ್ನು ಹೇಳಬೇಕು.

ಒಂದು ಮಧ್ಯಾಹ್ನ ಅಂಡಿಗೆಗಳ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದೆ. ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಕೈ ತೊಳೆದು ಬರುವಷ್ಟರಲ್ಲಿ ಒಂದು ಮಂಗ ಬುತ್ತಿಯ ಗಂಟನ್ನೇ ಎತ್ತಿಕೊಂಡು ಬೇವಿನ ಮರ ಏರಿತ್ತು. ನಾನು ಕೈಗೆ ಸಿಕ್ಕ ಕಲ್ಲನ್ನು ಹಿಡಿದು, ಜೀವಮಾನದ ಸಿಟ್ಟನ್ನೆಲ್ಲ ತೋಳಿಗೆ ತಂದು ಬೀಸಿ ಒಗೆದೆ. ಕಲ್ಲು ಮಂಗನಿಂದ ಎರಡು ಮಾರು ಆಚೆ ಹಾದು, ಇಡೀ ಅಂಗಳ ದಾಟಿ, ಗಿರಣಿಯ ಬಾಗಿಲ ಮೇಲಿನ ಗಂಟೆಗೆ ಬಡಿಯಿತು. ಠಣ್!

ಊಟದ ವೇಳೆ ಮುಗಿಯಿತೆಂದು ಗಿರಣಿಯ ಮಂದಿಯೆಲ್ಲ ಅರ್ಧ ತಿಂದ ರೊಟ್ಟಿ ಬಿಟ್ಟು ಎದ್ದು ನಿಂತರು. ಮಂಗ ಮಾತ್ರ ಪೂರ್ತಿ ತಿಂದಿತು.

ಕಟ್ಟೆಯ ಮೇಲೆ ನಿಂತಿದ್ದ ವಾಕರ್ ಸಾಹೇಬ ಓಡಿ ಬಂದ. ಅವನ ಹಿಂದೆ ನಮ್ಮ ಹೆಡ್ ಗುಮಾಸ್ತ ಕುಲಕರ್ಣಿಯವರೂ ಬಂದರು. ಗಿರಣಿಯಲ್ಲಿ ಇಂಗ್ಲಿಷ್ ಬಲ್ಲವರು ಅವರೊಬ್ಬರೇ. ಸಾಹೇಬನ ಬಾಯಿಂದ ಬಿದ್ದದ್ದನ್ನು ಕನ್ನಡ ಮಾಡಿ ನಮಗೆ ದಾಟಿಸುವುದು ಅವರ ಪಾಲಿಗೆ ಬಂದಿತ್ತು.

“ಗುರುಪಾದಪ್ಪ, ಆ ಗಂಟಿಗೆ ಹೊಡದವರು ಯಾರು ಅಂತ ಸಾಹೇಬ ಕೇಳ್ಲಿಕ್ಕತ್ತಾನ” ಎಂದರು.

ಕೆಲಸ ಹೋಯಿತು ಎಂದುಕೊಂಡೆ. “ನಾನ ಹೊಡದೆ, ಖರೇ. ಆದ್ರ...”

“ನಿಮ್ಮ ತೋಳು ಬಂಗಾರದ್ದಂತ!”

ನನ್ನ ‘ಆದ್ರ’ ಅಲ್ಲಿಗೇ ನಿಂತಿತು. ಮಂಗನ ವಿಷಯ ಹೇಳಲು ಬಾಯಿ ತೆರೆದಿದ್ದೆ. ಸಾಹೇಬ ನನ್ನ ಬಲಗೈಯನ್ನು ಎರಡೂ ಕೈಯಿಂದ ಹಿಡಿದು ಕುಲುಕುತ್ತಿದ್ದ. ನನ್ನ ಕೈಯನ್ನು ಅಷ್ಟು ಗೌರವದಿಂದ ಯಾರೂ ಹಿಡಿದಿರಲಿಲ್ಲ, ಮದುವೆಯ ದಿನ ನೀಲವ್ವನೂ ಹಿಡಿದಿರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡೆ.

ಕುಲಕರ್ಣಿಯವರು ಮೆಲ್ಲಗೆ ಕೇಳಿದರು: “ಖರೇನ ಗಂಟಿಗೇ ಗುರಿ ಇಟ್ಟಿದ್ದ್ರೇನ್ರಿ?”

“ಮತ್ತ ಇನ್ನ್ಯಾತಕ್ಕ ಇಡಬೇಕ್ರಿ ಮಾರಾಯರ?” ಎಂದೆ.

ಹೀಗೆ ಒಂದು ಸುಳ್ಳಿನ ಬಲದಿಂದ ನಾನು ಟೀಮಿನ ಮುಖ್ಯಸ್ಥಾನಕ್ಕೆ, ಅಂದರೆ ಚೆಂಡು ಎಸೆಯುವವನ ಸ್ಥಾನಕ್ಕೆ ನೇಮಕಗೊಂಡೆ. ಕಾಟಾದ ಕೆಲಸದಿಂದ ನನಗೆ ಬಿಡುಗಡೆ ಸಿಕ್ಕಿತು. ಸಾಹೇಬನಿಗೆ ಉಳಿದದ್ದು ಇಪ್ಪತ್ತಾರು ದಿನ. ಅಷ್ಟರಲ್ಲಿ ಪಂದ್ಯ ಮುಗಿಸಿ ಅವನು ತನ್ನ ದೇಶಕ್ಕೆ ಹೋಗುವವನಿದ್ದ.

ಆಟದ ಕಾಯಿದೆಯನ್ನು ಕುಲಕರ್ಣಿಯವರು ನಮಗೆಲ್ಲ ಬಿಡಿಸಿ ಹೇಳಿದರು. ಬಯಲಿನಲ್ಲಿ ನಾಲ್ಕು ಮೂಲೆ. ಬ್ಯಾಟು ಹಿಡಿದವನು ಮನೆ ಎಂಬ ಮೂಲೆಯಲ್ಲಿ ನಿಲ್ಲಬೇಕು. ಚೆಂಡು ಹೊಡೆದು ಬಲಗಡೆಯ ಮೊದಲ ಮೂಲೆಗೆ ಓಡಬೇಕು. ಮೂರು ಸಲ ಬೀಸಿ ತಪ್ಪಿದರೆ, ಇಲ್ಲವೆ ಅವನಿಗಿಂತ ಮೊದಲು ಎದುರಾಳಿಯೊಬ್ಬ ಚೆಂಡು ಹಿಡಿದು ಆ ಮೂಲೆ ತುಳಿದರೆ ಅವನು ಔಟು. ಅಲ್ಲಿಂದ ಎರಡು, ಮೂರು ದಾಟಿ ತಿರುಗಿ ಮನೆಗೆ ಬಂದರೆ ಒಂದು ಅಂಕ. ಮೂವರು ಔಟಾದರೆ ಸರದಿ ಮುಗಿಯಿತು. ಎಸೆಯುವವನು ನಾಲ್ಕು ಸಲ ಅಡ್ಡಾದಿಡ್ಡಿ ಎಸೆದರೆ ಬ್ಯಾಟಿನವನು ಹೊಡೆಯದೆಯೇ ಮೊದಲ ಮೂಲೆಗೆ ನಡೆದು ಹೋಗಬಹುದು. ಮೂಲೆಗಳಲ್ಲಿ ಮೊದಲೇ ಜನ ತುಂಬಿದ್ದರೆ ಎಲ್ಲರೂ ಒಂದೊಂದು ಮೂಲೆ ಮುಂದೆ ಸರಿಯುತ್ತಾರೆ.

“ಇದೊಂದು ಕಾಯಿದೆ ನಮಗ ಬೇಕಾಗೂದಿಲ್ಲ ಬಿಡ್ರಿ” ಎಂದು ನಾನು ನಕ್ಕೆ. ಮುಂದೆ ಇಡೀ ಪಂದ್ಯ ನಡೆದದ್ದು ಅದೊಂದೇ ಕಾಯಿದೆಯ ಮೇಲೆ!

ಮೊದಲ ದಿನದ ಅಭ್ಯಾಸದಲ್ಲಿ ನನ್ನ ಚೆಂಡುಗಳು ಎಲ್ಲಿಗೆ ಬೇಕೋ ಅದೊಂದು ಕಡೆ ಬಿಟ್ಟು ಉಳಿದ ಎಲ್ಲ ಕಡೆಗೂ ಹೋದವು. ಹೊಸ ಜಾಗ, ಕೈ ಇನ್ನೂ ಹದಕ್ಕೆ ಬಂದಿಲ್ಲ ಎಂದೆ. ಸಾಹೇಬ ತಲೆಯಾಡಿಸಿದ. ಮನೆಗೆ ಒಂದು ಚೆಂಡು ತಂದು, ಹಿತ್ತಲ ಗೋಡೆಯ ಮೇಲೆ ಸುಣ್ಣದಿಂದ ತಾಟಿನಷ್ಟು ದೊಡ್ಡ ವೃತ್ತ ಬರೆದು ಗುಟ್ಟಾಗಿ ಅಭ್ಯಾಸ ಆರಂಭಿಸಿದೆ.

ಮೊದಲ ಚೆಂಡು ಗೋಡೆ ದಾಟಿ ಪಕ್ಕದ ಮನೆಯ ಗಂಗಾಬಾಯಿ ಬಿಸಿಲಿಗೆ ಹಾಕಿದ್ದ ಹಪ್ಪಳದ ಮೇಲೆ ಬಿತ್ತು. ಅವರು ಚೆಂಡನ್ನೂ ಅದರ ಜೊತೆಗೆ ನಾಲ್ಕು ಮಾತನ್ನೂ ತಿರುಗಿ ಕೊಟ್ಟರು. ಎರಡನೆಯದು ಅಡಿಗೆಮನೆಯ ಕಿಟಕಿಯಿಂದ ಒಳಗೆ ಹೋಗಿ ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯನ್ನು ಒಡೆಯಿತು. ನೀಲವ್ವ ಕೈಯೆಲ್ಲ ಕೆಂಪು ಎಣ್ಣೆ ಮಾಡಿಕೊಂಡು ಹೊರಗೆ ಬಂದಳು.

“ಏನ್ರಿ ಇದು? ಯಾರ ಮ್ಯಾಲ ಸಿಟ್ಟು?”

“ಸಿಟ್ಟಲ್ಲ, ಅಭ್ಯಾಸ. ಆ ವೃತ್ತಕ್ಕ ಗುರಿ ಇಡಾಕತ್ತೇನಿ.”

ಅವಳು ವೃತ್ತ ನೋಡಿದಳು, ಕಿಟಕಿ ನೋಡಿದಳು. ಎರಡರ ನಡುವೆ ಎಂಟು ಮೊಳ ಅಂತರ. ಕೈ ತೊಳೆದುಕೊಂಡು ಬಂದು, ಸೆರಗು ಸೊಂಟಕ್ಕೆ ಸಿಗಿಸಿ, “ತರ್ರಿಲ್ಲೆ” ಎಂದು ಚೆಂಡು ಇಸಿದುಕೊಂಡು ಒಗೆದಳು. ವೃತ್ತದ ನಟ್ಟನಡುವೆ ಬಡಿಯಿತು.

“ಅದೃಷ್ಟ” ಎಂದೆ.

ಮತ್ತೊಮ್ಮೆ ಒಗೆದಳು. ಮತ್ತೆ ನಟ್ಟನಡುವೆ.

“ಎಲ್ಲಿ ಕಲ್ತಿ ಇದನ್ನ?”

“ತವರುಮನ್ಯಾಗ, ಉಪ್ಪಿನಬೆಟಗೇರ್ಯಾಗ. ಜ್ವಾಳದ ಹೊಲದಾಗ ಹಕ್ಕಿ ಕಾಯೂ ಮುಂದ ನಾ ಏನ್ ಮಾಡ್ತಿದ್ದೆ ಅಂತ ತಿಳದೀರಿ? ಅವಕ್ಕ ಹಾಡ ಹೇಳ್ತಿದ್ದೆನೇನು?” ಎಂದಳು. ಆಮೇಲೆ ಸ್ವಲ್ಪ ಕನಿಕರದಿಂದ, “ಕೈ ಬಿಡೂ ಮುಂದ ಕಣ್ಣು ಮುಚ್ಚಬ್ಯಾಡ್ರಿ” ಎಂದಳು.

ನಾನು ಕಣ್ಣು ಮುಚ್ಚುತ್ತೇನೆಂಬುದು ನನಗೆ ಗೊತ್ತಾದದ್ದೇ ಆಗ. ಅಂದಿನಿಂದ ದಿನವೂ ಸಂಜೆ ಹಿತ್ತಲಲ್ಲಿ ಪಾಠ ನಡೆಯಿತು. ಕಣ್ಣು ತೆರೆದರೆ ಕೈ ನಿಲ್ಲುತ್ತಿತ್ತು, ಕೈ ಬೀಸಿದರೆ ಕಣ್ಣು ಮುಚ್ಚುತ್ತಿತ್ತು. ಎರಡನ್ನೂ ಒಟ್ಟಿಗೆ ನಡೆಸುವ ಶಕ್ತಿಯನ್ನು ದೇವರು ನನಗೆ ಕೊಟ್ಟಿರಲಿಲ್ಲ. ಇಷ್ಟಾದರೂ ನನ್ನ ಧೈರ್ಯ ಕುಂದಲಿಲ್ಲ. ಎಷ್ಟೆಂದರೆ, ಉಪ್ಪಿನಬೆಟಗೇರಿಯ ಮಾವನಿಗೆ ಒಂದು ಪತ್ರ ಬರೆದುಬಿಟ್ಟೆ: “ತೀರ್ಥರೂಪ ಮಾವನವರ ಸನ್ನಿಧಿಗೆ ಸಾಷ್ಟಾಂಗ ನಮಸ್ಕಾರಗಳು. ಈಗ ಹುಬ್ಬಳ್ಳಿಯ ಮಾನ ನನ್ನ ಬಲಗೈಯಲ್ಲಿದೆ. ತಾವು ಬಂದು ಕಣ್ಣಾರೆ ನೋಡಬೇಕಾಗಿ ವಿನಂತಿ.”

ನನ್ನ ಮಾವ ಹೆಚ್ಚು ಮಾತಾಡುವವರಲ್ಲ, ಆದರೆ ಮನಸ್ಸಿನಲ್ಲಿ ನನ್ನನ್ನು ಕಾಟಾದ ಮೇಲಿನ ತೂಕದ ಕಲ್ಲಿನ ಜೊತೆಗೇ ಲೆಕ್ಕ ಹಿಡಿದಿದ್ದರು. ಆ ಅಭಿಪ್ರಾಯವನ್ನು ಒಂದೇ ಏಟಿಗೆ ಬದಲಿಸಬೇಕೆಂದು ನನ್ನ ಆಸೆ. ಅವರು ಒಬ್ಬರೇ ಬರಬಹುದು ಎಂದುಕೊಂಡಿದ್ದೆ. ಮೂರು ಚಕ್ಕಡಿ ತುಂಬ ಜನರನ್ನು ಹೇರಿಕೊಂಡು ಬಂದರು!

ಪಂದ್ಯ ಭಾನುವಾರ ಬೆಳಿಗ್ಗೆ, ಕೇಶ್ವಾಪುರದ ಕಡೆಯ ಬಯಲಿನಲ್ಲಿ. ಒಂದು ಕಡೆ ನಮ್ಮ ಸಾವ್ಕಾರರು, ಅವರ ಪಕ್ಕದಲ್ಲಿ ಗದಗಿನ ಬೀಗರು. ಇಬ್ಬರೂ ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಡುತ್ತ, ಕಣ್ಣಿನಲ್ಲಿ ಕತ್ತಿ ಮಸೆಯುತ್ತಿದ್ದರು. ಇನ್ನೊಂದು ಕಡೆ ಮಾವನ ಚಕ್ಕಡಿಗಳು. ಅವುಗಳ ನೆರಳಿನಲ್ಲಿ ನೀಲವ್ವ ಮತ್ತು ಊರಿನ ಹೆಂಗಸರು. ನಾನು ಧೋತರದ ಕಚ್ಚೆಯನ್ನು ಬಿಗಿಯಾಗಿ ಕಟ್ಟಿ ಬಯಲಿನ ನಡುವೆ ಬಂದು ನಿಂತಾಗ ಮಾವ ಕೈ ಎತ್ತಿ ತೋರಿಸುತ್ತಿದ್ದುದು ಕಂಡಿತು: “ಆ ನಡುವ ನಿಂತಾರಲ್ಲ, ಅವರ ನಮ್ಮ ಅಳಿಯಾರು!”

ಗದಗಿನವರ ಸರದಿ ಮೊದಲು. ನಾನು ಮೊದಲ ಚೆಂಡು ಎಸೆದೆ. ಅದನ್ನು ಹಿಡಿಯಲು ಬ್ಯಾಟಿನವನ ಹಿಂದೆ ಕೂತಿದ್ದವನು ನಮ್ಮ ಬಾಯ್ಲರಿನ ಹನುಮಂತ. ಅವನು ಎದ್ದು, ಹಾರಿ, ಓಡಿ, ಕೊನೆಗೆ ನಡೆದು ಹೋಗಿ ಚೆಂಡನ್ನು ತಂದ. ಎರಡನೆಯದೂ ಹಾಗೆಯೇ. ನಾಲ್ಕಾದವು. ಬ್ಯಾಟಿನವನು ಬ್ಯಾಟನ್ನು ಮೆಲ್ಲಗೆ ನೆಲಕ್ಕಿಟ್ಟು ಮೊದಲ ಮೂಲೆಗೆ ನಡೆದ. ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಮತ್ತೊಬ್ಬ. ಗದಗಿನವರು ಬೆವರೇ ಹರಿಸದೆ ಅಂಕ ಗಳಿಸತೊಡಗಿದರು.

ಮಾವನಿಗೆ ಆಟದ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಒಬ್ಬರನ್ನು ಕೇಳಿದರು: “ಅವರು ಯಾಕ ಒಬ್ಬರ ಹಿಂದ ಒಬ್ಬರು ಸುಮ್ಮ ಪ್ರದಕ್ಷಿಣಿ ಹಾಕಾಕತ್ತಾರ?”

“ನಿಮ್ಮ ಅಳಿಯಾರ ಹಾಕಸಾಕತ್ತಾರ್ರಿ” ಎಂದರು ಅವರು.

ಐದನೆಯವನ ಹೊಟ್ಟೆಗೆ ಚೆಂಡು ಬಡಿಯಿತು. ಚೆಂಡು ಮೈಗೆ ತಗುಲಿದರೂ ಒಂದು ಮೂಲೆ ಪುಕ್ಕಟೆ ಎಂದು ಕುಲಕರ್ಣಿಯವರು ಆಗ ಹೇಳಿದರು. ಆರನೆಯವನಿಗೆ ಎಸೆದದ್ದು ಪಕ್ಕದಲ್ಲಿ ನಿಂತಿದ್ದ ವಾಕರ್ ಸಾಹೇಬನ ಹ್ಯಾಟನ್ನು ಹಾರಿಸಿತು. ಅದಕ್ಕೆ ಏನೂ ಪುಕ್ಕಟೆ ಇರಲಿಲ್ಲ.

ಇಷ್ಟಾದರೂ ನಾವು ಸೋತು ಹೋಗಲಿಲ್ಲ. ಯಾಕೆಂದರೆ ಗದಗಿನವರ ಎಸೆಯುವವನೂ ಇದೇ ಸಾಹೇಬನ ಶಿಷ್ಯ! ಅವನೂ ನಮ್ಮವರನ್ನು ಅಷ್ಟೇ ಭಕ್ತಿಯಿಂದ ಸುತ್ತಿಸಿದ. ಬಿಸಿಲು ಏರಿತು. ಎರಡೂ ಟೀಮಿನವರು ಸರದಿಯಂತೆ ಬಯಲನ್ನು ಸುತ್ತುತ್ತಲೇ ಇದ್ದರು.

ನಡುವೆ ಒಮ್ಮೆ ನನ್ನ ಚೆಂಡು ಎಲ್ಲರ ತಲೆಯ ಮೇಲೆ ಹಾರಿ ಚಕ್ಕಡಿಗಳ ಕಡೆಗೆ ಹೋಯಿತು. ಎತ್ತುಗಳು ಬೆದರಿ ಎದ್ದವು. ಹನುಮಂತ ಸೊಂಟದ ಮೇಲೆ ಕೈಯಿಟ್ಟು, “ನಾ ಇನ್ನ ಓಡಂಗಿಲ್ರಿ, ಏನರ ಮಾಡ್ಕೋರಿ” ಎಂದು ಕೂತುಬಿಟ್ಟ. ಆಗ ಹೆಂಗಸರ ನಡುವಿನಿಂದ ನೀಲವ್ವ ಎದ್ದಳು. ಚೆಂಡನ್ನು ಎತ್ತಿ, ಒಂದು ಹೆಜ್ಜೆ ಮುಂದಿಟ್ಟು ಒಗೆದಳು. ಅದು ಇಡೀ ಬಯಲು ದಾಟಿ ಹನುಮಂತನ ತೊಗಲಿನ ಕೈಗವಸಿನೊಳಗೆ ‘ಚಟ್’ ಎಂದು ಕೂತಿತು. ಅವನು ಕೈ ಎತ್ತಿರಲೂ ಇಲ್ಲ.

ಸಾಹೇಬ ಹ್ಯಾಟು ತೆಗೆದ.

“ನನ್ನ ಮಗಳು!” ಎಂದು ಮಾವ ಕೂಗಿದರು. ನನ್ನನ್ನು ಅಳಿಯ ಎಂದು ತೋರಿಸುವುದನ್ನು ಅವರು ಎರಡನೇ ಸುತ್ತಿಗೇ ನಿಲ್ಲಿಸಿದ್ದರು.

ಸಾಹೇಬ ಏನೋ ಕೇಳಿದ. ಕುಲಕರ್ಣಿಯವರು ಚಕ್ಕಡಿಯ ತನಕ ಹೋಗಿ, “ತಂಗಿ, ನೀವು ಬಂದು ಎಸೀತೀರೇನು ಅಂತ ಸಾಹೇಬ ಕೇಳ್ತಾನ” ಎಂದರು.

“ಮನ್ಯಾಗ ಹಿಟ್ಟು ನಾದಿ ಇಟ್ಟ ಬಂದೇನ್ರಿ. ಅವರ ಆಟ ಅವರ ಆಡ್ಲಿ” ಎಂದು ನೀಲವ್ವ ಸೆರಗು ಸರಿಮಾಡಿಕೊಂಡು ಕೂತಳು. ಅವತ್ತು ನನ್ನ ಮಾನ ಉಳಿಸಲು ಒಬ್ಬರಾದರೂ ಪ್ರಯತ್ನಪಟ್ಟಿದ್ದರೆ ಅದು ಅವಳೇ.

ಕೊನೆಯ ಸುತ್ತಿನ ಹೊತ್ತಿಗೆ ಅವರು ಹದಿನೇಳು, ನಾವು ಹದಿನೇಳು. ನಮ್ಮ ಸರದಿ ನಡೆದಿತ್ತು. ಇಬ್ಬರು ಔಟಾಗಿದ್ದರು. ಮೂರೂ ಮೂಲೆಯಲ್ಲಿ ನಮ್ಮವರೇ ನಿಂತಿದ್ದರು; ಮೂರನೇ ಮೂಲೆಯಲ್ಲಿ ಹನುಮಂತ. ಅವನು ಮನೆ ಮುಟ್ಟಿದರೆ ನಾವು ಗೆದ್ದಂತೆ. ಬ್ಯಾಟು ಹಿಡಿಯುವ ಪಾಳಿ ನನ್ನದು.

ಗದಗಿನವನು ಎಸೆದ. ಮೂರು ಚೆಂಡು, ಮೂರೂ ಅಡ್ಡಾದಿಡ್ಡಿ. ಇನ್ನೊಂದು ಹಾಗೆ ಬಂದರೆ ನಾನು ನಡೆದು ಮೊದಲ ಮೂಲೆಗೆ ಹೋಗುತ್ತೇನೆ, ಎಲ್ಲರೂ ಸರಿಯುತ್ತಾರೆ, ಹನುಮಂತ ಮನೆಗೆ ಬರುತ್ತಾನೆ! ಸಾಹೇಬ ಆಟ ನಿಲ್ಲಿಸಿ, ಕುಲಕರ್ಣಿಯವರನ್ನು ಎಳೆದುಕೊಂಡು ನನ್ನ ಹತ್ತಿರ ಬಂದ.

“ಗುರುಪಾದಪ್ಪ, ಸರಿಯಾಗಿ ಕೇಳ್ರಿ” ಎಂದರು ಕುಲಕರ್ಣಿಯವರು. “ನೀವು ಏನೂ ಮಾಡಬ್ಯಾಡ್ರಿ. ಬ್ಯಾಟು ಎತ್ತಬ್ಯಾಡ್ರಿ, ಅಳ್ಳಾಡಬ್ಯಾಡ್ರಿ. ಕಂಬ ನಿಂತಂಗ ಸುಮ್ಮ ನಿಂದರ್ರಿ. ಅಷ್ಟ ಸಾಕು.”

“ಅಷ್ಟ ಹೌದಲ್ಲ? ಆತು ಬಿಡ್ರಿ” ಎಂದೆ. ಸುಮ್ಮನೆ ಕೂಡುವುದರಲ್ಲಿ ನನಗೆ ಹತ್ತು ವರ್ಷದ ಅನುಭವವಿತ್ತು.

ಎಸೆಯುವವನು ಕೈ ಎತ್ತಿದ. ಅದೇ ಗಳಿಗೆಯಲ್ಲಿ ಚಕ್ಕಡಿಯ ಕಡೆಯಿಂದ ಮಾವನ ದನಿ ಕೇಳಿತು: “ಅಳಿಯಾರು ಒಂದರ ಹೊಡಿಯೂದಿಲ್ಲೇನು?”

ಚೆಂಡು ಬಂತು. ನನ್ನ ತಲೆಯ ಮೇಲೆ ಒಂದು ಮೊಳ ಎತ್ತರದಲ್ಲಿ, ಹಕ್ಕಿ ಹಾರಿ ಬಂದಂತೆ ನಿಧಾನವಾಗಿ ಬಂತು. ಬಿಟ್ಟಿದ್ದರೆ ಹೋಗುತ್ತಿತ್ತು. ನಾನು ಹಾರಿ ಬೀಸಿದೆ.

ಟಕ್!

ತಾಗಿತು! ಚೆಂಡು ಉರುಳುತ್ತ ದೂರ ಹೋಯಿತು. ಜನ ಎದ್ದು ಕೂಗಿದರು. ಜೀವನದಲ್ಲಿ ಮೊದಲ ಬಾರಿಗೆ ನಾನು ಗುರಿಯಿಟ್ಟ ವಸ್ತುವಿಗೇ ಹೊಡೆದಿದ್ದೆ. ಆ ಆನಂದದಲ್ಲಿ, ಯಾವಾಗಿನಂತೆ ಕಣ್ಣು ಮುಚ್ಚಿಕೊಂಡೇ, ಬ್ಯಾಟನ್ನೂ ಬಿಡದೆ ಓಡಿದೆ. ಬಲಕ್ಕೆ ಓಡಬೇಕಾದವನು ಎಡಕ್ಕೆ ಓಡಿದೆ. ಎಡಗಡೆ ಇದ್ದದ್ದು ಮೂರನೇ ಮೂಲೆ. ಅಲ್ಲಿಂದ ಹನುಮಂತ ತಲೆ ತಗ್ಗಿಸಿ ಮನೆಯ ಕಡೆಗೆ ಬಾಣದಂತೆ ಬರುತ್ತಿದ್ದ.

ನಮ್ಮಿಬ್ಬರ ತಲೆ ಕೂಡಿದ ಸಪ್ಪಳ ಸಾವ್ಕಾರರ ಕುರ್ಚಿಯ ತನಕ ಕೇಳಿಸಿತಂತೆ.

ನಾವಿಬ್ಬರೂ ಮಣ್ಣಿನಲ್ಲಿ ಬಿದ್ದಿದ್ದಾಗ, ಗದಗಿನವನೊಬ್ಬ ಅವಸರವಿಲ್ಲದೆ ಚೆಂಡು ಎತ್ತಿಕೊಂಡು, ನಾನು ಹೋಗಬೇಕಾಗಿದ್ದ ಮೊದಲ ಮೂಲೆಯ ಮೇಲೆ ಕಾಲಿಟ್ಟ. ನಾನು ಔಟು. ಸರದಿ ಮುಗಿಯಿತು.

ಸಮ ಆದದ್ದರಿಂದ ಇನ್ನೊಂದು ಸುತ್ತು ಆಡಿಸಿದರು. ಹಣೆಯ ಮೇಲೆ ಬೋರೆ ಹಣ್ಣಿನಂಥ ಗುಬುಟು ಹೊತ್ತು ನಾನು ನಾಲ್ವರನ್ನು ಪ್ರದಕ್ಷಿಣೆಗೆ ಕಳಿಸಿದೆ. ಅವರಿಗೆ ಒಂದು ಅಂಕ ಬಂತು. ನಮ್ಮವರು ಮೂವರೂ ಬೇಗ ಔಟಾದರು. ಬೀಗರು ನಮ್ಮ ಸಾವ್ಕಾರರಿಗೆ ಎಲೆ ಅಡಿಕೆ ಮಡಿಸಿ ಕೊಟ್ಟರು. ಇವರು ಅದನ್ನು ಔಷಧಿ ನುಂಗಿದಂತೆ ನುಂಗಿದರು.

ಜನ ಚದುರಿದ ಮೇಲೆ ವಾಕರ್ ಸಾಹೇಬ ಒಂದು ಮರದ ಕೆಳಗೆ ಒಬ್ಬನೇ ಕೂತಿದ್ದ. ಕುಲಕರ್ಣಿಯವರನ್ನು ಕರೆದುಕೊಂಡು ಹೋಗಿ ಎದುರು ನಿಂತು, “ಅವತ್ತ ನಾ ಹೊಡದದ್ದು ಗಂಟಿಗೆ ಅಲ್ರಿ, ಮಂಗ್ಯಾಗ. ಇದನ್ನ ಸಾಹೇಬಗ ಹೇಳ್ರಿ” ಎಂದೆ.

ಕುಲಕರ್ಣಿಯವರು ಹೇಳಿದರು. ಸಾಹೇಬ ನಕ್ಕ.

“ಅವಗ ಗೊತ್ತಿತ್ತಂತ. ಮಂಗ್ಯಾನ್ನೂ ನೋಡಿದ್ದನಂತ” ಎಂದರು ಕುಲಕರ್ಣಿಯವರು. “ಆದ್ರ ನೀವು ಮಾರಿ ಮ್ಯಾಲ ಏನೂ ತೋರಿಸದ ನಿಂತ್ರಂತ. ಎಸಿಯೂವಗ ಬೇಕಾದ ಅರ್ಧ ಗುಣ ಅದಂತ. ಉಳಿದ ಅರ್ಧ ಕಲಿಸಬಹುದು ಅಂತ ತಿಳಕೊಂಡದ್ದು ಅವನ ತಪ್ಪಂತ.”

ಸಾಹೇಬ ಕೈಯಲ್ಲಿದ್ದ ಚೆಂಡನ್ನು ತಿರುಗಿಸುತ್ತ ಬಹಳ ಹೊತ್ತು ಮಾತಾಡಿದ. ಕುಲಕರ್ಣಿಯವರು ತುಂಡು ತುಂಡಾಗಿ ಕನ್ನಡ ಮಾಡಿದರು.

“ತನ್ನ ದೇಶದಾಗ ಒಂಬತ್ತು ವರ್ಷ ಇದನ್ನ ಆಡಿದನಂತ. ದೊಡ್ಡ ಟೀಮಿನಾಗಲ್ಲ. ಸಣ್ಣ ಊರಿನ ಟೀಮುಗಳೊಳಗ. ನಮ್ಮ ಕುಂದಗೋಳ, ನವಲಗುಂದ ಇದ್ದಂಗ ತಿಳೀರಿ. ಇವತ್ತ ಈ ಊರು, ನಾಳೆ ಆ ಊರು. ದೊಡ್ಡ ಟೀಮಿನವರು ಕರೀತಾರ ಅಂತ ಹಾದಿ ನೋಡಿದ.”

“ಕರದ್ರೇನ್ರಿ?”

“ಒಮ್ಮೆ ಕರದ್ರಂತ. ಅಲ್ಲಿ ಯಾರದೋ ಕಾಲು ಉಳಕಿತ್ತು, ಅವರ ಬದಲಿ. ಒಂದ ಸರ್ತೆ ಬ್ಯಾಟು ಕೊಟ್ಟರು. ಏನೂ ಮಾಡಬ್ಯಾಡ, ಸುಮ್ಮ ನಿಲ್ಲು ಅಂತ ಅವರ ಕ್ಯಾಪ್ಟನ್ ಹೇಳಿದ್ದನಂತ.”

ಸಾಹೇಬ ಎರಡೂ ಕೈ ಕೂಡಿಸಿ ಗಾಳಿಯಲ್ಲಿ ಬ್ಯಾಟು ಬೀಸಿ ತೋರಿಸಿದ. ಅದಕ್ಕೆ ಕನ್ನಡ ಬೇಕಾಗಲಿಲ್ಲ.

“ಮರುದಿವಸ ತಿರುಗಿ ಸಣ್ಣ ಊರಿಗೆ ಕಳಿಸಿದರಂತ. ಅಲ್ಲಿಂದ ಮಶೀನಿನ ಕೆಲಸಕ್ಕ. ಮಶೀನಿನ ಜೋಡಿ ಇಲ್ಲಿಗೆ.”

ಆಮೇಲೆ ಸಾಹೇಬ ನನ್ನ ಹಣೆಯ ಗುಬುಟನ್ನು ಬೆರಳಿನಿಂದ ಮುಟ್ಟಿ ನೋಡಿ, ತನಗೆ ಬಂದ ಎರಡು ಕನ್ನಡ ಮಾತುಗಳಲ್ಲಿ ಒಂದನ್ನು ಆಡಿದ: “ಛಲೋ ಆತು.” ಇನ್ನೊಂದು ಮಾತು ‘ಲಗೂ ಬಾ’ ಎಂಬುದು. ಅದನ್ನು ಮಂಗಳವಾರ ಸ್ಟೇಶನ್ನಿನಲ್ಲಿ ಸಾಮಾನು ಹೊತ್ತವರಿಗೆ ಹೇಳಿ, ರೈಲು ಹತ್ತಿ ಹೋದ.

ಪಂದ್ಯದ ದಿನ ಮನೆಯಲ್ಲಿ ಮಾವನೊಡನೆ ಊಟಕ್ಕೆ ಕೂತೆ. ಎರಡನೇ ರೊಟ್ಟಿ ಮುರಿಯುತ್ತ ಕೇಳಿದರು: “ಅಳಿಯಾರ, ಊರಿಗೆ ಹೋಗಿ ಏನಂತ ಹೇಳ್ಲಿ?”

“ಒಂದ ಅಂಕದಾಗ ಸೋತ್ರು ಅಂತ ಹೇಳ್ರಿ.”

“ಅದನ್ನ ಹೇಳ್ತೇನಿ. ಚೆಂಡು ಒಗದವರು ಯಾರು ಅಂತ ಕೇಳಿದ್ರ?”

ನೀಲವ್ವ ಒಳಗಿನಿಂದ, “ನಿಮ್ಮ ಮಗಳು ಅಂತ ಹೇಳ್ರಿ ಅಪ್ಪಾ. ಒಮ್ಮೆ ಒಗದೇನಲ್ಲ, ಸುಳ್ಳೇನಲ್ಲ” ಎಂದಳು. ಮಾವನ ಮುಖ ಅರಳಿತು.

ಸಾಹೇಬ ಹೋದ ಮರುದಿನ ನಾನು ಒಂದು ದೃಢ ನಿರ್ಧಾರ ಮಾಡಿದೆ. ಕ್ರೀಡಾ ಜೀವನಕ್ಕೆ ಗೌರವಯುತವಾಗಿ ವಿದಾಯ ಹೇಳಿ, ನನ್ನ ಕರ್ತವ್ಯಕ್ಕೆ ಮರಳಬೇಕು. ಇಷ್ಟು ದಿನ ನಾನಿಲ್ಲದೆ ಗಿರಣಿಯಲ್ಲಿ ಏನೇನು ಅನಾಹುತವಾಗಿದೆಯೋ! ಇಸ್ತ್ರಿ ಮಾಡಿದ ಕೋಟು ತೊಟ್ಟು ಸಾವ್ಕಾರರ ಎದುರು ನಿಂತೆ.

“ಸಾವ್ಕಾರ್ರ, ಇನ್ನ ಆಟ ಸಾಕ್ರಿ. ಕಾಟಾದ ಕೆಲಸ ಭಾಳ ಹಿಂದ ಬಿದ್ದಿರಬೇಕು.”

ಸಾವ್ಕಾರರು ಕಿಟಕಿಯ ಹೊರಗೆ ನೋಡಿದರು. ನಾನೂ ನೋಡಿದೆ. ನನ್ನ ಜಾಗದಲ್ಲಿ ಹಮಾಲಿ ಈರಪ್ಪ ನಿಂತಿದ್ದ. ನಿಂತೇ ಇದ್ದ, ಕೂತಿರಲಿಲ್ಲ. ಅಂಡಿಗೆಗಳು ಏರುತ್ತಿದ್ದವು, ಇಳಿಯುತ್ತಿದ್ದವು. ನನ್ನ ಕಾಲದಲ್ಲಿ ಬೀದಿಯ ತಿರುವಿನ ತನಕ ನಿಲ್ಲುತ್ತಿದ್ದ ಚಕ್ಕಡಿಗಳ ಸಾಲಿನಲ್ಲಿ ಈಗ ಎರಡೇ ಚಕ್ಕಡಿ. ರೈತರು ನಗುತ್ತಿದ್ದರು.

ಸಾವ್ಕಾರರು ನನ್ನ ಕಡೆ ತಿರುಗಿ ಬಹಳ ಮಮತೆಯಿಂದ ಹೇಳಿದರು: “ಗುರುಪಾದಪ್ಪ, ಅವಸರ ಮಾಡಿ ಆಟ ಬಿಡಬ್ಯಾಡ್ರಿ. ಇನ್ನೊಂದ ವರ್ಷ ಆಡ್ರಿ!”

ನನ್ನ ಆಟವನ್ನು ಮೊದಲಿನಿಂದ ಕೊನೆಯ ತನಕ ನೋಡಿಯೂ ಹಾಗೆಂದವರು ಜಗತ್ತಿನಲ್ಲಿ ಅವರೊಬ್ಬರೇ.